ಸಿಬಿಲ್ ನೋಡಿದರೆ ಸ್ಕೋರ್ ಇಳಿಯುತ್ತದೆಯೇ? ಮೊದಲ ಖಾತೆ, ಮೊದಲ ಸಾಲದ ವಯಸ್ಸಿನವರು ತಿಳಿಯಬೇಕಾದದ್ದು

ಬಳ್ಳಾರಿಯ ಕಾಲೇಜು ಗ್ರೂಪ್ ಇರಲಿ, ಸಿರುಗುಪ್ಪದ ಓಣಿ ಗ್ರೂಪ್ ಇರಲಿ, ಕುರುಗೋಡಿನ ಕ್ರಿಕೆಟ್ ತಂಡದ ಗ್ರೂಪ್ ಇರಲಿ, ಹಣದ ಬಗ್ಗೆ ಬರುವ ಫಾರ್ವರ್ಡ್‌ಗಳು ಹೆಚ್ಚುಕಡಿಮೆ ಇವೇ:

• “ಸಿಬಿಲ್ ರಿಪೋರ್ಟ್ ಪದೇ ಪದೇ ನೋಡಬೇಡಿ, ಸ್ಕೋರ್ ಇಳಿಯುತ್ತದೆ.”
• “ದಿನಾ ಯುಪಿಐ ಬಳಸಿ, ಸಿಬಿಲ್ ತಾನಾಗಿ ಏರುತ್ತದೆ.”
• “ಸ್ಕೋರ್ ಇಲ್ಲದವರಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.”
• “ಬಳಸದೆ ಬಿದ್ದಿರುವ ಖಾತೆ ಇದೆಯೇ? ನಮಗೆ ಕೊಡಿ, ತಿಂಗಳಿಗೆ ಕಮಿಷನ್ ಪಡೆಯಿರಿ.”
• “ಯುಪಿಐನಲ್ಲಿ 2,000 ರೂಪಾಯಿ ದಾಟಿದರೆ ಜಿಎಸ್‌ಟಿ.”

ಇವುಗಳಲ್ಲಿ ನಾಲ್ಕು ಸುಳ್ಳು. ಉಳಿದ ಒಂದು ಸುಳ್ಳಿಗಿಂತ ಅಪಾಯಕಾರಿ, ಅದು ಬಲೆ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಇಡೀ ಲೇಖನದ ಸಾರವನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ: ನಿಮ್ಮ ಖಾತೆ, ನಿಮ್ಮ ಮೊಬೈಲ್ ನಂಬರ್, ನಿಮ್ಮ ಪ್ಯಾನ್, ಈ ಮೂರೂ ಕೈಗಡ ಕೊಡುವ ವಸ್ತುಗಳಲ್ಲ. ಅವುಗಳ ಮೂಲಕ ಯಾರು ಏನೇ ಮಾಡಿದರೂ ಬರೆಯಲ್ಪಡುವುದು ನಿಮ್ಮ ಹೆಸರಿಗೇ.

ಯುಪಿಐ ಆ್ಯಪ್ ಬೇರೆ, ಖಾತೆ ಬೇರೆ

ಯುಪಿಐ ವ್ಯವಸ್ಥೆಯನ್ನು ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್ 11ರಂದು ಆರಂಭಿಸಿತು. ಫೋನ್‌ಪೇ, ಗೂಗಲ್ ಪೇ, ಭೀಮ್ ಇವೆಲ್ಲ ಆ ವ್ಯವಸ್ಥೆಗೆ ಇರುವ ಬಾಗಿಲುಗಳು ಮಾತ್ರ. ಹಣ ಇರುವುದು ಬ್ಯಾಂಕಿನಲ್ಲಿ. ಆ್ಯಪ್ ಡಿಲೀಟ್ ಮಾಡಿದರೆ ಖಾತೆ ಹೋಗುವುದಿಲ್ಲ, ಖಾತೆಗೆ ಇದ್ದ ಅಪಾಯವೂ ಹೋಗುವುದಿಲ್ಲ.

ಈ ಬಾಗಿಲಿನ ಬೀಗ ಎಂದರೆ ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರ್. ಅನೇಕ ಮನೆಗಳಲ್ಲಿ ಅಪ್ಪನ ಒಂದೇ ನಂಬರ್ ಅವ್ವನ ಖಾತೆಗೂ ಮಗಳ ಖಾತೆಗೂ ಮಗನ ಖಾತೆಗೂ ಇರುತ್ತದೆ. ಮಕ್ಕಳು ಚಿಕ್ಕವರಿದ್ದಾಗ ಅದು ಸರಿಯಿತ್ತು. 18 ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಕೆವೈಸಿ ಹೊಸದಾಗಿ ಮಾಡಿಸಿ, ನಿಮ್ಮದೇ ನಂಬರ್ ಕೊಡಿ. ಹಳೆಯ ಸಿಮ್ ಬಿಟ್ಟು ಹೊಸದು ತೆಗೆದುಕೊಂಡಾಗಲೂ ಮೊದಲ ಕೆಲಸ ಇದೇ ಆಗಲಿ. ಬಿಟ್ಟ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಒಟಿಪಿ ಆಗ ಗುರುತಿಲ್ಲದ ಯಾರದೋ ಫೋನಿನಲ್ಲಿ ಸದ್ದು ಮಾಡುತ್ತದೆ.

ಇನ್ನೊಂದು ಸಂಗತಿ. ಸ್ಕಾಲರ್‌ಶಿಪ್ ಆಗಲಿ, ಯುವನಿಧಿ ಆಗಲಿ, ಸರ್ಕಾರದ ನೇರ ಪಾವತಿ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಎಷ್ಟೇ ಖಾತೆ ಇದ್ದರೂ ಕೊನೆಯದಾಗಿ ಜೋಡಣೆಯಾದ ಒಂದು ಬ್ಯಾಂಕಿಗೆ ಮಾತ್ರ ಅದು ಹೋಗುತ್ತದೆ. ಸಿಮ್ ಅಂಗಡಿಯಲ್ಲಿ ಬೆರಳು ಒತ್ತಿ “ಫ್ರೀ ಖಾತೆ” ತೆರೆದವರು, ಹಣ ಬರಲಿಲ್ಲ ಎಂದು ಹಳೆಯ ಬ್ಯಾಂಕಿನಲ್ಲಿ ಹುಡುಕುತ್ತಾ ಇರುತ್ತಾರೆ. ಮೊದಲು ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಿ.

ಹಣ ಪಡೆಯಲು ಪಿನ್ ಬೇಕೇ?

ಬೇಡ. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು ಮತ್ತು ಬಾಕಿ ನೋಡಲು. ಹಣ ಬರಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. “ನಿಮ್ಮ ಹಳೆಯ ಬೈಕ್ ಕೊಳ್ಳುತ್ತೇನೆ, ಅಡ್ವಾನ್ಸ್ ಹಾಕುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ” ಎಂದವರು ಕೊಡುವವರಲ್ಲ, ಕೀಳುವವರು.

ನಿಯಮಗಳೂ ಬಿಗಿಯಾಗಿವೆ. 2025ರ ಜೂನ್ 30ರಿಂದ ಹಣ ಕಳುಹಿಸುವ ಮುನ್ನ ಬ್ಯಾಂಕಿನಲ್ಲಿ ನೋಂದಾಯಿತವಾದ ಹೆಸರನ್ನೇ ಆ್ಯಪ್ ತೋರಿಸಬೇಕು. 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ “ಹಣ ಕೊಡಿ” ಎಂದು ಕೋರಿಕೆ ಕಳುಹಿಸುವ ಸೌಲಭ್ಯ ನಿಂತಿದೆ. ಆದರೂ ಪರದೆಯ ಮೇಲೆ ಬಂದ ಹೆಸರನ್ನು ಓದಬೇಕಾದವರು ನೀವೇ.

ಸಿಬಿಲ್ ರಿಪೋರ್ಟ್‌ನಲ್ಲಿ ಏನಿರುತ್ತದೆ, ಏನಿರುವುದಿಲ್ಲ?

ಸಿಬಿಲ್ ಎಂಬುದು ಒಂದು ಕಂಪನಿಯ ಹೆಸರು. ಇಂಥ ಕಂಪನಿಗಳು ಭಾರತದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಇವು ಕೆಲಸ ಮಾಡುತ್ತವೆ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ.

ರಿಪೋರ್ಟ್‌ನಲ್ಲಿ ಇರುವುದು: ನಿಮ್ಮ ಹೆಸರು, ಜನ್ಮದಿನಾಂಕ, ಪ್ಯಾನ್, ವಿಳಾಸ, ಫೋನ್ ನಂಬರ್, ಬ್ಯಾಂಕ್, ಫೈನಾನ್ಸ್, ಮೈಕ್ರೋಫೈನಾನ್ಸ್‌ನಲ್ಲಿ ನಿಮ್ಮ ಹೆಸರಿನ ಸಾಲಗಳು, ಕ್ರೆಡಿಟ್ ಕಾರ್ಡ್, ಯಾವ ತಿಂಗಳ ಕಂತು ಎಷ್ಟು ದಿನ ತಡವಾಯಿತು ಎಂಬ ಲೆಕ್ಕ, ಸಾಲಕ್ಕಾಗಿ ಯಾರು ಯಾವಾಗ ನಿಮ್ಮ ದಾಖಲೆ ನೋಡಿದರು ಎಂಬ ಪಟ್ಟಿ. ಜಾಮೀನು ಹಾಕಿದ ಸಾಲವೂ ಇರುತ್ತದೆ. ಗೆಳೆಯನ ಬೈಕ್ ಲೋನಿಗೆ “ಬರೀ ಒಂದು ಸಹಿ” ಹಾಕಿದ್ದೀರಾದರೆ ಅದು ಬರೀ ಸಹಿಯಲ್ಲ.

ಇರದೇ ಇರುವುದು: ನಿಮ್ಮ ಉಳಿತಾಯ ಖಾತೆಯ ಬಾಕಿ, ಎಫ್‌ಡಿ, ಸಂಬಳ, ಯುಪಿಐನಲ್ಲಿ ಯಾರಿಗೆ ಎಷ್ಟು ಕಳುಹಿಸಿದಿರಿ ಎಂಬುದು. ಆದ್ದರಿಂದ “ಯುಪಿಐ ಬಳಸಿದರೆ ಸಿಬಿಲ್ ಏರುತ್ತದೆ” ಎಂಬುದು ಸುಳ್ಳು. ಎಟಿಎಂ ಕಾರ್ಡ್ ಉಜ್ಜಿದರೂ ಅಷ್ಟೇ. ಒಂದು ವ್ಯತ್ಯಾಸ ಗೊತ್ತಿರಲಿ: ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಬಳಸಿದರೆ ಅದು ಕ್ರೆಡಿಟ್ ಕಾರ್ಡ್ ಬಳಕೆಯೇ. “ಈಗ ಕೊಳ್ಳಿ, ಆಮೇಲೆ ಕಟ್ಟಿ” ಎಂಬ ಗುಂಡಿ ಒತ್ತಿದರೂ ಬಹುತೇಕ ಅದು ಸಾಲವೇ. 900 ರೂಪಾಯಿಯ ಚಪ್ಪಲಿ ಕೂಡ ಸಾಲದ ಖಾತೆಯಾಗಿ ದಾಖಲಾಗಬಹುದು.

ನೋಡಿದರೆ ಸ್ಕೋರ್ ಇಳಿಯುತ್ತದೆಯೇ?

ನಿಮ್ಮ ರಿಪೋರ್ಟನ್ನು ನೀವು ನೋಡಿಕೊಂಡರೆ ಸ್ಕೋರ್ ಒಂದು ಅಂಕವೂ ಇಳಿಯುವುದಿಲ್ಲ. ಫಾರ್ವರ್ಡ್ ಹುಟ್ಟಿದ್ದು ಅರ್ಧ ಸತ್ಯದಿಂದ. ನೀವು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ನೋಡುತ್ತದಲ್ಲ, ಆ ನೋಟ ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದಾರು ಆ್ಯಪ್‌ಗಳಲ್ಲಿ ಸಾಲಕ್ಕೆ ಅರ್ಜಿ ಹಾಕಿದರೆ “ಇವರಿಗೆ ಹಣದ ಮುಗ್ಗಟ್ಟು ಜೋರಾಗಿದೆ” ಎಂಬ ಅರ್ಥ ಬರುತ್ತದೆ, ಸ್ಕೋರ್ ಇಳಿಯಬಹುದು.

ರಿಸರ್ವ್ ಬ್ಯಾಂಕ್ ನಿಯಮದಂತೆ 2017ರ ಜನವರಿಯಿಂದ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಪೂರ್ಣ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ನಾಲ್ಕು ಕಂಪನಿ, ನಾಲ್ಕು ರಿಪೋರ್ಟ್. ಮೂರು ತಿಂಗಳಿಗೆ ಒಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಯಿತು, ಒಂದು ಪೈಸೆ ಖರ್ಚಿಲ್ಲ. ಆಯಾ ಕಂಪನಿಯ ಜಾಲತಾಣದಲ್ಲೇ ತೆಗೆಯಿರಿ. “ಉಚಿತ ಸ್ಕೋರ್” ತೋರಿಸುವ ಎಷ್ಟೋ ಆ್ಯಪ್‌ಗಳು ಪ್ರತಿಯಾಗಿ ಕೇಳುವುದು ನಿಮ್ಮ ಮಾಹಿತಿಯನ್ನು ಸಾಲ ಮಾರುವವರಿಗೆ ಕೊಡಲು ಒಪ್ಪಿಗೆ. ನಂತರ ದಿನವೂ ಬರುವ ಲೋನ್ ಕರೆಗಳ ಮೂಲ ಅಲ್ಲಿರಬಹುದು.

ಸ್ಕೋರ್ ಇಲ್ಲದಿದ್ದರೆ ಸಾಲವೇ ಇಲ್ಲವೇ?

ಇದುವರೆಗೆ ಸಾಲವನ್ನೇ ಮಾಡದವರಿಗೆ ಸ್ಕೋರ್ ಇರುವುದಿಲ್ಲ. ಅದು ಕೆಟ್ಟ ಸ್ಕೋರ್ ಅಲ್ಲ, ಖಾಲಿ ಹಾಳೆ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಹಳೆಯ ಸಾಲದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವೂ ಲೋಕಸಭೆಯಲ್ಲಿ ಇದನ್ನು ತಿಳಿಸಿತು. ಇದರರ್ಥ ಬ್ಯಾಂಕ್ ಕಣ್ಣು ಮುಚ್ಚಿ ಕೊಡುತ್ತದೆ ಎಂದಲ್ಲ. ಆದಾಯ, ಓದು, ಜಾಮೀನು ಇವನ್ನೆಲ್ಲ ನೋಡುತ್ತದೆ. ಆದರೆ “ಸ್ಕೋರ್ ಹುಟ್ಟಿಸಲು ಮೊದಲು ನಮ್ಮ ಆ್ಯಪ್‌ನಲ್ಲಿ ಸಣ್ಣ ಸಾಲ ತೆಗೆದುಕೊಳ್ಳಿ” ಎಂಬ ಮಾತಿಗೆ ಬೀಳಬೇಕಿಲ್ಲ.

ಇದರಿಂದ ನಷ್ಟವೇನು? ಕೆಲಸವೇ ಹೋಗಬಹುದು

ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ಬಳ್ಳಾರಿಯಲ್ಲೇ. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಸೇರಿ, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಬ್ಯಾಂಕ್ ಪರೀಕ್ಷೆಗೆ ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರು ತಿಳಿಯಬೇಕಾದ ಒಂದು ತೀರ್ಪು ಇದೆ.

ಸ್ಟೇಟ್ ಬ್ಯಾಂಕಿನಲ್ಲಿ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದ ತಮಿಳುನಾಡಿನ ಒಬ್ಬರ ನೇಮಕವನ್ನು ಬ್ಯಾಂಕ್ ರದ್ದು ಮಾಡಿತು. ಕಾರಣ, ಸಿಬಿಲ್ ರಿಪೋರ್ಟ್‌ನಲ್ಲಿ ಸಾಲ ಮರುಪಾವತಿಯ ಕೆಟ್ಟ ದಾಖಲೆ. ಸಾಲವನ್ನೆಲ್ಲ ತೀರಿಸಿದ್ದೇನೆ ಎಂಬುದು ಅವರ ವಾದ. 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು. ತೀರಿಸಿದ್ದು ಬೇರೆ, ಹೊತ್ತಿಗೆ ಸರಿಯಾಗಿ ಕಟ್ಟಿದ ದಾಖಲೆ ಬೇರೆ. ಎಲ್ಲ ಹುದ್ದೆಗಳಿಗೂ ಈ ಷರತ್ತು ಇರುವುದಿಲ್ಲ. ಅರ್ಜಿ ಹಾಕುವ ಮುನ್ನ ಪ್ರಕಟಣೆಯಲ್ಲಿ ಅರ್ಹತೆಯ ಭಾಗವನ್ನು ಪೂರ್ತಿ ಓದಿ.

ಅದಕ್ಕೇ “ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿದರೆ ಸಾಕು” ಎಂಬ ಕರೆ ಬಂದಾಗ ಒಮ್ಮೆ ಯೋಚಿಸಿ. ಪೂರ್ತಿ ಕಟ್ಟಿದರೆ “ಕ್ಲೋಸ್ಡ್” ಎಂದೂ, ಅರ್ಧ ಕಟ್ಟಿ ಒಪ್ಪಂದ ಮಾಡಿಕೊಂಡರೆ “ಸೆಟಲ್ಡ್” ಎಂದೂ ದಾಖಲಾಗುತ್ತದೆ. ಎರಡಕ್ಕೂ ಅಜಗಜಾಂತರ. ಸಾಲ ಮುಗಿದ ಮೇಲೆ “ಬಾಕಿ ಇಲ್ಲ” ಎಂಬ ಪತ್ರವನ್ನು ತಪ್ಪದೆ ಪಡೆದಿಟ್ಟುಕೊಳ್ಳಿ.

ಮನೆಯ ಲೆಕ್ಕವೂ ಇದರಲ್ಲಿ ಸೇರುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳನ್ನು ಒಂದೇ ಕುಟುಂಬ ಎಂದು ಎಣಿಸಬೇಕು. ಆ ಕುಟುಂಬ ತಿಂಗಳಿಗೆ ಕಟ್ಟುವ ಕಂತುಗಳು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅಂದರೆ ಮಗ ಮೊಬೈಲಿಗಾಗಿ ಮಾಡಿದ ಸಾಲ, ಅವ್ವನ ಸಂಘದ ಸಾಲಕ್ಕೆ ಅಡ್ಡ ಬರಬಹುದು.

ಹೆಸರು ಒಂದೇ, ಊರು ಒಂದೇ, ಹುಟ್ಟಿದ ದಿನವೂ ಒಂದೇ

ನಮ್ಮ ಕಡೆ ರಿಪೋರ್ಟ್ ನೋಡಿಕೊಳ್ಳಲು ಇನ್ನೂ ಒಂದು ಕಾರಣವಿದೆ. ದೊಡ್ಡಬಸವ, ಎರ್ರಿಸ್ವಾಮಿ, ಹುಲಿಗೆಮ್ಮ ಎಂದು ಕೂಗಿದರೆ ಒಂದೇ ಊರಿನಲ್ಲಿ ನಾಲ್ಕು ಜನ ತಿರುಗಿ ನೋಡುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟೋ ಜನರ ಜನ್ಮದಿನ. ಹೆಸರಿನ ಇಂಗ್ಲಿಷ್ ಕಾಗುಣಿತ ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಮತ್ತೊಂದು. ಇಂಥಲ್ಲಿ ಒಬ್ಬರ ಸಾಲ ಇನ್ನೊಬ್ಬರ ರಿಪೋರ್ಟ್‌ಗೆ ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು. ಎಲ್ಲೆಡೆ ಒಂದೇ ಕಾಗುಣಿತ ಇರುವಂತೆ ತಿದ್ದಿಸಿಕೊಳ್ಳಿ.

ನಿಮ್ಮದಲ್ಲದ ಸಾಲ ಕಂಡರೆ ಆ ಕಂಪನಿಯ ಜಾಲತಾಣದಲ್ಲೇ ದೂರು ಹಾಕಿ, ಸಾಲ ಕೊಟ್ಟ ಸಂಸ್ಥೆಗೂ ಬರೆಯಿರಿ. ಇದಕ್ಕೆ ಶುಲ್ಕವಿಲ್ಲ. 30 ದಿನಗಳಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕಾದ್ದರಿಂದ ತಿದ್ದುಪಡಿಯೂ ಮೊದಲಿಗಿಂತ ಬೇಗ ಕಾಣಿಸುತ್ತದೆ. ಆದರೆ ನಿಜವಾಗಿ ತಡವಾದ ಕಂತನ್ನು ಯಾರೂ ಅಳಿಸಲಾರರು. “5,000 ಕೊಡಿ, ಸಿಬಿಲ್ ಕ್ಲೀನ್ ಮಾಡಿಸುತ್ತೇವೆ” ಎನ್ನುವವರಿಗೆ ಹಣ ಕೊಡಬೇಡಿ.

ಖಾತೆ ಬಾಡಿಗೆಗೆ ಕೊಟ್ಟರೆ

ಮೊದಲೇ ಹೇಳಿದ ಬಲೆ ಇದು. ಒಂದು ಉದಾಹರಣೆ ಊಹಿಸಿಕೊಳ್ಳಿ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗ. ಪರಿಚಯದವನೊಬ್ಬ ಬಂದು, “ನಿನ್ನ ಖಾತೆ ಖಾಲಿ ಇದೆಯಲ್ಲ, ಎಟಿಎಂ ಕಾರ್ಡ್, ಸಿಮ್ ಕೊಡು. ವ್ಯಾಪಾರದ ಹಣ ಬಂದು ಹೋಗುತ್ತದೆ, ತಿಂಗಳಿಗೆ ಇಷ್ಟು ಕೊಡುತ್ತೇನೆ” ಎನ್ನುತ್ತಾನೆ. ಬರುವ ಹಣ ವ್ಯಾಪಾರದ್ದಲ್ಲ, ಬೇರೆಲ್ಲೋ ವಂಚನೆಗೆ ಸಿಕ್ಕ ಒಬ್ಬ ನಿವೃತ್ತ ಶಿಕ್ಷಕರದ್ದು. ದೂರು ದಾಖಲಾದಾಗ ಪೊಲೀಸರು ಹಣದ ಜಾಡು ಹಿಡಿದು ಬರುವುದು ಮೊದಲು ಈ ಹುಡುಗನ ಬಾಗಿಲಿಗೆ. ಖಾತೆ ಸ್ತಂಭನ. ಅದೇ ಖಾತೆಗೆ ಬರುತ್ತಿದ್ದ ಸಂಬಳವೂ ಅಲ್ಲೇ ಸಿಕ್ಕಿಬೀಳುತ್ತದೆ. “ನನಗೆ ಗೊತ್ತಿರಲಿಲ್ಲ” ಎಂಬುದನ್ನು ಠಾಣೆಯಲ್ಲಿ, ಕೋರ್ಟಿನಲ್ಲಿ ಹೇಳುತ್ತಾ ಓಡಾಡಬೇಕು.

ಇಂಥ ಖಾತೆಗಳನ್ನು ಬ್ಯಾಂಕಿನವರು ಮ್ಯೂಲ್ ಖಾತೆ, ಅಂದರೆ ಹೇಸರಗತ್ತೆ ಖಾತೆ ಎನ್ನುತ್ತಾರೆ. ಹೊರೆ ಯಾರದೋ, ಬೆನ್ನು ನಿಮ್ಮದು. ಇವುಗಳನ್ನು ಹಿಡಿಯಲೆಂದೇ ರಿಸರ್ವ್ ಬ್ಯಾಂಕ್ ಮ್ಯೂಲ್‌ಹಂಟರ್ ಎಂಬ ಕೃತಕ ಬುದ್ಧಿಮತ್ತೆ ಸಾಧನ ರೂಪಿಸಿರುವುದನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಒಳ್ಳೆಯ ಉದ್ದೇಶದಿಂದಲೂ ಇಂಥ ತೊಡಕು ಆಗಬಹುದು. ಅಪ್ಪನ ಅಂಗಡಿಯಲ್ಲಿ ಮಗನ ಖಾತೆಯ ಕ್ಯೂಆರ್ ಅಂಟಿಸಿರುತ್ತಾರೆ, ಫೋನ್ ಅವನಿಗೆ ಗೊತ್ತು ಎಂಬ ಕಾರಣಕ್ಕೆ. ಅಂಗಡಿಯ ವಹಿವಾಟೆಲ್ಲ ಕಾಲೇಜು ಹುಡುಗನ ಹೆಸರಿನಲ್ಲಿ ಬೆಳೆಯುತ್ತದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಎಷ್ಟೋ ಅಂಗಡಿಗಳಲ್ಲಿ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಬೋರ್ಡ್ ಬಂದದ್ದು ನೆನಪಿರಬಹುದು. ಅಂಗಡಿಯ ಖಾತೆ ಅಂಗಡಿಯವರ ಹೆಸರಿನಲ್ಲೇ ಇರಲಿ.

2,000 ರೂಪಾಯಿ ದಾಟಿದರೆ ಜಿಎಸ್‌ಟಿಯೇ?

ಅಲ್ಲ. ಇಂಥ ಪ್ರಸ್ತಾವವೇ ಇಲ್ಲ ಎಂದು ಹಣಕಾಸು ಸಚಿವಾಲಯ 2025ರ ಏಪ್ರಿಲ್ 18ರಂದು ಸ್ಪಷ್ಟಪಡಿಸಿತು. ಜಿಎಸ್‌ಟಿ ಬೀಳುವುದು ಮಾರಿದ ಸರಕಿನ ಮೇಲೆ, ಸೇವೆಯ ಮೇಲೆ. ಹಣ ಯಾವ ದಾರಿಯಲ್ಲಿ ಬಂತು ಎಂಬುದರ ಮೇಲಲ್ಲ. ಸಾಮಾನ್ಯವಾಗಿ ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದಾಗ ಜಿಎಸ್‌ಟಿ ನೋಂದಣಿ ಬೇಕು. ಊರಿನಿಂದ ಅಪ್ಪ ಕಳುಹಿಸಿದ ಹಾಸ್ಟೆಲ್ ಖರ್ಚಿಗೂ ಜಿಎಸ್‌ಟಿಗೂ ಸಂಬಂಧವಿಲ್ಲ.

ನಿಮ್ಮ ಲೆಕ್ಕ ಯಾರು ನೋಡಬಹುದು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಕನ್ನಡಿಗರೊಬ್ಬರ ಅರ್ಜಿಯಿಂದ ದೇಶದ ಎಲ್ಲರಿಗೂ ಸಿಕ್ಕ ಬಲ ಇದು.

ದಿನನಿತ್ಯದಲ್ಲಿ ಇದರ ಅರ್ಥವೇನು? 18 ತುಂಬಿದವರ ಖಾತೆಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬ್ಯಾಂಕ್ ಮನೆಯವರಿಗೂ ಕೊಡುವಂತಿಲ್ಲ. ಕಾನೂನು ಪ್ರಕಾರ ಕೇಳುವ ತೆರಿಗೆ ಇಲಾಖೆ, ಪೊಲೀಸ್, ಕೋರ್ಟಿಗೆ ಕೊಡಬೇಕಾಗುತ್ತದೆ. ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊ, ಫೈಲ್‌ಗಳನ್ನು ಮುಟ್ಟುವಂತಿಲ್ಲ. ಸಾಲ ನೇರ ನಿಮ್ಮ ಖಾತೆಗೇ ಬರಬೇಕು, ಒಟ್ಟು ವೆಚ್ಚದ ವಿವರ ಪತ್ರ ಮೊದಲೇ ಕೊಡಬೇಕು. ಇವು ರಿಸರ್ವ್ ಬ್ಯಾಂಕ್ 2022ರಲ್ಲಿ ತಂದು 2025ರಲ್ಲಿ ಮತ್ತೆ ಬಿಗಿಗೊಳಿಸಿದ ನಿಯಮಗಳು. ಕಾಂಟ್ಯಾಕ್ಟ್ ಕೇಳುವ ಆ್ಯಪ್ ನಾಳೆ ಕಂತು ತಪ್ಪಿದರೆ ನಿಮ್ಮ ಮೇಷ್ಟ್ರಿಗೆ, ಸೋದರಮಾವನಿಗೆ ಫೋನ್ ಮಾಡುತ್ತದೆ. 2025ರ ಜುಲೈ 1ರಿಂದ ಬ್ಯಾಂಕ್ ಮತ್ತು ಫೈನಾನ್ಸ್ ಸಂಸ್ಥೆಗಳ ಜೊತೆ ಇರುವ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕ್ ಜಾಲತಾಣದಲ್ಲಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇನ್‌ಸ್ಟಾಲ್ ಮಾಡಬೇಡಿ.

ಝೆರಾಕ್ಸ್ ಅಂಗಡಿಯಲ್ಲಿ, ಸೈಬರ್ ಸೆಂಟರಿನಲ್ಲಿ ಆಧಾರ್, ಪ್ಯಾನ್ ಕೊಡುವಾಗಲೂ ಎಚ್ಚರವಿರಲಿ. ಸಾಧ್ಯವಿರುವಲ್ಲಿ ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯನ್ನು ಪ್ರಿಂಟ್ ಆದ ಮೇಲೆ ಅಲ್ಲಿಯೇ ಅಳಿಸಿಸಿ. ಹೆಚ್ಚುವರಿ ಝೆರಾಕ್ಸ್ ಹರಿದು ಹಾಕಿ.

ಹಣ ಹೋಯಿತು, ಈಗ?

ಮೊದಲು 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಆರಂಭದ ಗಳಿಗೆಗಳಲ್ಲೇ. ನಂತರ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಬಳ್ಳಾರಿಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ನಾಚಿಕೆಪಟ್ಟು ಮನೆಯಲ್ಲಿ ಮುಚ್ಚಿಟ್ಟು ಎರಡು ದಿನ ಕಳೆಯುವುದೇ ವಂಚಕರಿಗೆ ಬೇಕಾದದ್ದು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಿದ್ದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಪಿನ್, ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ಹೇಗಿದ್ದರೂ ಬೇಗ ತಿಳಿಸಿದಷ್ಟು ಒಳ್ಳೆಯದು. ಬ್ಯಾಂಕ್ ಅಥವಾ ಸಾಲ ಮಾಹಿತಿ ಕಂಪನಿ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448, ಕನ್ನಡದಲ್ಲೂ ಮಾತಾಡುತ್ತಾರೆ.

ಈ ವಾರ ಮಾಡಬೇಕಾದ ಐದು ಕೆಲಸ

1. ಬ್ಯಾಂಕಿನಲ್ಲಿ ನಿಮ್ಮ ಖಾತೆಗೆ ನಿಮ್ಮದೇ ಮೊಬೈಲ್ ನಂಬರ್ ಇದೆಯೇ ನೋಡಿ.
2. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ದೂರು ಕೊಡಿ.
3. ನಾಲ್ಕರಲ್ಲಿ ಒಂದು ಕಂಪನಿಯಿಂದ ಉಚಿತ ರಿಪೋರ್ಟ್ ತೆಗೆಯಿರಿ. ಹೆಸರು, ಪ್ಯಾನ್, ಸಾಲಗಳು, ಯಾರು ನೋಡಿದ್ದಾರೆ ಎಂಬ ಪಟ್ಟಿ, ಈ ನಾಲ್ಕನ್ನು ಓದಿ.
4. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಹಣದ ಆ್ಯಪ್‌ಗಳಿಗೆ ಕೊಟ್ಟಿರುವ ಅನುಮತಿಗಳಲ್ಲಿ ಬೇಡದ್ದನ್ನು ತೆಗೆದುಹಾಕಿ.
5. ಎಟಿಎಂ ಕಾರ್ಡ್, ಸಿಮ್, ಖಾತೆ ಬೇರೆಯವರ ಕೈಯಲ್ಲಿದ್ದರೆ ಇಂದೇ ವಾಪಸ್ ಪಡೆಯಿರಿ. ಕೊಡದಿದ್ದರೆ ಬ್ಯಾಂಕಿಗೆ ತಿಳಿಸಿ ಬ್ಲಾಕ್ ಮಾಡಿಸಿ.

“ಸಿಬಿಲ್ ನೋಡಬೇಡಿ” ಎಂಬ ಫಾರ್ವರ್ಡ್ ಬಂದ ಗ್ರೂಪಿಗೇ ಇದನ್ನೂ ಕಳುಹಿಸಿ. ವರ್ಷಗಟ್ಟಲೆ ರಿಪೋರ್ಟ್ ನೋಡದೆ ಕೂತವರ ಹೆಸರಿನಲ್ಲಿ ಬೇರೆ ಯಾರೋ ಸಾಲ ಮಾಡಿದ್ದರೆ, ಅದು ತಿಳಿಯುವುದು ಕೆಲಸಕ್ಕೋ ಸಾಲಕ್ಕೋ ಅರ್ಜಿ ಹಾಕಿದ ದಿನವೇ.